ಮನೆಯವಳನ್ನ ತೋರಿಸೋಕೆ ಬಂದಿದ್ದೆ

ಭದ್ರಾವತಿಯಲ್ಲಿ ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು, ಮನೆ ಜನ್ನಾಪುರದಲ್ಲಿ. ಎರಡು ವರ್ಷದ ಹಿಂದೆ ಬೆಳಗಿನ ಬೆಲ್ಲು ಹೊಡೆಯುವ ಮೊದಲೇ ನನ್ನ ಎದೆ ಡವಡವ ಎನ್ನಲು ಶುರುವಾಯಿತು. ಬೋರ್ಡಿನ ಮೇಲೆ ಅರ್ಧ ಲೆಕ್ಕ ಬರೆದು, ಮುಂದೇನೆಂದು ತೋಚದೆ ನಿಂತುಬಿಡುತ್ತಿದ್ದೆ. ಮನೆಗೆ ಬಂದರೆ ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೂ ಕೂಗಾಡುತ್ತಿದ್ದೆ.

"ಹಾರ್ಟಿಗೇನೂ ಆಗಿಲ್ಲ ಅಂತ ಡಾಕ್ಟ್ರು ಹೇಳಾಯ್ತು. ಇನ್ನು ಮನಸ್ಸಿನ ಡಾಕ್ಟ್ರಿಗೆ ತೋರ್ಸಿ, ಅದರಲ್ಲೇನಿದೆ?" ಎಂದವಳು ನನ್ನ ಹೆಂಡತಿ.

ಊರಲ್ಲಿ ಗುರುತಿನವರು ಸಿಕ್ಕಾರೆಂದು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದರೆ, ತಾಯಿಯ ಮರೆವಿಗೆ ಔಷಧಿ ಬರೆಸಿಕೊಂಡು ಹೊರಬಂದವರು ನಮ್ಮದೇ ಬೀದಿಯ ಹಿರಿಯರು.

"ಏನ್ ಮೇಷ್ಟ್ರೇ, ಇಲ್ಲಿ?"

"ಮನೆಯವಳನ್ನ ತೋರಿಸೋಕೆ ಬಂದಿದ್ದೆ. ಇಲ್ಲೇ ಲ್ಯಾಬಿಗೆ ಹೋಗಿದ್ದಾಳೆ," ಎಂದೆ.

ತಡವರಿಸಲೂ ಇಲ್ಲ. ಕ್ಲಾಸಿನಲ್ಲಿ ಸುಳ್ಳು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಮನುಷ್ಯ ನಾನು.

ಮಾತ್ರೆ ನುಂಗಿದೆ, ಡಾಕ್ಟರು ಹೇಳಿದಂತೆ ದಿನಾ ಸಂಜೆ ನಡೆದೆ, ಎದೆಯಲ್ಲಿದ್ದದ್ದನ್ನು ಅವರೆದುರು ಹೇಳಿಕೊಂಡೆ. ಕೆಲವು ತಿಂಗಳಲ್ಲಿ ಲೆಕ್ಕಗಳು ಮತ್ತೆ ಪೂರ್ತಿಯಾಗತೊಡಗಿದವು. ನಾನು ಹುಷಾರಾಗುತ್ತಿದ್ದಂತೆ, ಬೀದಿಯ ಕಣ್ಣಲ್ಲಿ ನನ್ನ ಹೆಂಡತಿ ರೋಗಿಯಾಗುತ್ತಿದ್ದಳು. ನನಗದು ಕಾಣಿಸುತ್ತಿತ್ತು. ಸುಮ್ಮನಿದ್ದೆ.

ಅದೇ ಹಿರಿಯರ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದೆವು. ನನ್ನವಳು ಕೂಸನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಮಗುವಿನ ಅಜ್ಜಿ ಓಡಿಬಂದು, "ಕೊಡಮ್ಮ ಇಲ್ಲಿ, ನಿನಗ್ಯಾಕೆ ತೊಂದ್ರೆ, ಮೊದ್ಲೇ ಹುಷಾರಿಲ್ಲ," ಎಂದು ಎತ್ತಿಕೊಂಡು ಹೋದರು. ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಸೆರಗು ಸರಿಮಾಡಿಕೊಂಡಳು.

ದಾರಿಯಲ್ಲಿ ಕೇಳಿದಳು. ಹೇಳಲೇಬೇಕಾಯಿತು.

"ಕಾಯಿಲೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು, ಸರಿ," ಎಂದಳು. "ಅದನ್ನ ನನ್ನ ತಲೆಗೆ ಕಟ್ಟೋಕೆ ನಾಚಿಕೆ ಆಗ್ಲಿಲ್ವಾ?"

ಮರುದಿನ ಅವಳೇ ಡಾಕ್ಟರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಅಂಗಿಯ ಜೇಬಿಗೆ ಹಾಕಿದಳು. ಅದರಲ್ಲಿ ನನ್ನ ಹೆಸರು, ವಯಸ್ಸು ಎಲ್ಲ ಇತ್ತು. "ಬರೀ ಬಾಯಲ್ಲಿ ಹೇಳಿದ್ರೆ ನಂಬಲ್ಲ. ಇದನ್ನ ತೋರ್ಸಿ."

ಹಿರಿಯರ ಮನೆಗೆ ಹೋಗಿ ಹೇಳಿದೆ: "ಅವತ್ತು ಡಾಕ್ಟ್ರ ಹತ್ರ ಬಂದಿದ್ದು ನನಗೇ. ಅವಳಿಗೇನೂ ಆಗಿಲ್ಲ."

ಅವರು ನನ್ನ ಭುಜ ತಟ್ಟಿದರು. "ಬಿಡಿ ಮೇಷ್ಟ್ರೇ, ನಮಗೆ ಅರ್ಥ ಆಗುತ್ತೆ. ಹೆಂಡ್ತಿ ಮರ್ಯಾದೆ ಉಳಿಸೋಕೆ ಇಂಥದ್ದನ್ನ ತನ್ನ ಮೇಲೆ ಹಾಕ್ಕೊಳ್ಳೋ ಗಂಡ ಎಲ್ಲಿ ಸಿಗ್ತಾನೆ ಮಾರಾಯ್ರೇ." ಒಳಗೆ ಕೂಗಿ ಕಾಫಿ ತರಿಸಿದರು. ಕಾಫಿ ತಂದ ಅಜ್ಜಿಯೂ ನನ್ನನ್ನು ಮರುಕದಿಂದ, ಮೆಚ್ಚುಗೆಯಿಂದ ನೋಡಿದರು.

ಕೈ ಜೇಬಿನವರೆಗೆ ಹೋಯಿತು. ಆ ನೋಟ ಹಿತವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕೈಯನ್ನು ಕೆಳಗಿಳಿಸಿ ಲೋಟ ಎತ್ತಿಕೊಂಡೆ. ಕಾಫಿಯನ್ನು ಪೂರ್ತಿ ಕುಡಿದೆ.

ಮನೆ ಬಾಗಿಲಲ್ಲೇ ಅವಳು ಕಾಯುತ್ತಿದ್ದಳು.

"ಹೇಳಿದ್ರಾ?"

"ಹೇಳಿದೆ."

ಅವಳು ನನ್ನ ಜೇಬಿಗೆ ಕೈ ಹಾಕಿ ಚೀಟಿ ತೆಗೆದು ನೋಡಿದಳು. ಅದು ಅವಳು ಮಡಿಸಿದ್ದ ಹಾಗೆಯೇ ಇತ್ತು.