ಮಣ್ಣೂರಿನ ಏರು ಹತ್ತಿಸಿದ ಅತ್ತೆ

ನನ್ನ ಅತ್ತೆಯ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪಗಿತ್ತು. ಮದುವೆಯಾಗಿ ಅಫಜಲಪುರದ ಮನೆಗೆ ಬಂದ ಹೊಸದರಲ್ಲಿ, ಅವರು ಸೀರೆ ಎತ್ತಿ ಕಟ್ಟಿ ಕಾಲು ತೊಳೆಯುವಾಗ ಅದನ್ನು ನೋಡಿ ಏನೋ ರೋಗವಿರಬೇಕೆಂದು ಹೆದರಿದ್ದೆ.

"ಹಂಗ್ಯಾಕ ನೋಡ್ತಿ ಬೇ? ಕ್ಲಚ್ ಒತ್ತಿ ಒತ್ತಿ ಹಿಂಗಾಗ್ಯಾದ" ಎಂದು ನಕ್ಕು ಅಂಗಳದ ಕಡೆ ಕೈ ತೋರಿಸಿದರು. ಅಲ್ಲಿ ಬೇವಿನ ಗಿಡದ ಕೆಳಗೆ ಎಂಟು ಸಿಲಿಂಡರಿನ ಅಮೆರಿಕದ ಕಾರೊಂದು ಅರ್ಧ ಅಂಗಳ ನುಂಗಿ ನಿಂತಿತ್ತು.

ಹೈದರಾಬಾದಿನಲ್ಲಿ ವಕೀಲರಾಗಿದ್ದ ಮಾವನವರು ಊರಿಗೆ ಮರಳುವಾಗ ಓಡಿಸಿಕೊಂಡು ಬಂದ ಗಾಡಿ ಅದು. ಅವರಿಗೆ ಸಂಜೆಯಾದರೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಅದಕ್ಕೇ ಹೆಂಡತಿಗೆ ಕಲಿಸಿದರಂತೆ. ಕಲಿಸಿದ ಮೇಲೆ ಹಗಲಿನಲ್ಲೂ ಸ್ಟಿಯರಿಂಗು ಮಾವನವರ ಕೈಗೆ ಸಿಗಲಿಲ್ಲ. ಅವರು ತೀರಿಕೊಂಡ ಮೇಲೂ ಅತ್ತೆ ಗಾಡಿ ಬಿಡಲಿಲ್ಲ. ಹಣೆಗೆ ವಿಭೂತಿ ಹಚ್ಚಿ, ತಲೆಯ ಮೇಲೆ ಸೆರಗು ಹೊದ್ದು, ಗೇರಿನ ಕೋಲು ಹಿಡಿದು ಸಂತೆಯ ನಡುವೆ ಹೊರಟರೆ ಹಾರ್ನಿಗಿಂತ ಅವರ ಬಾಯಿಯೇ ದೊಡ್ಡದು. "ಸರೀಲೇ! ರೋಡ್ ಏನ್ ನಿಮ್ಮಪ್ಪ ಕಟ್ಟಿಸ್ಯಾನೇನು?" ಬೈಸಿಕೊಂಡವರೇ ಮರುದಿನ ಮಗಳ ಹೆರಿಗೆಗೆ ಕಲಬುರ್ಗಿಗೆ ಹೋಗಬೇಕೆಂದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅತ್ತೆ ಬೈಯುತ್ತಲೇ ಕೀಲಿಕೈ ತೆಗೆದುಕೊಳ್ಳುತ್ತಿದ್ದರು.

ನಾನು ಬಿ.ಎಡ್. ಮಾಡಿಕೊಂಡೇ ಬಂದವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಮಣ್ಣೂರಿನ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿತು. ಶಾಲೆಯ ಹೊತ್ತಿಗೆ ಸರಿಯಾಗಿ ಬಸ್ಸಿರಲಿಲ್ಲ. ಮನೆಯ ಯಜಮಾನಿಕೆ ನನ್ನ ಗಂಡನ ಅಣ್ಣನದು. ಭಾವನವರು ಕೆಟ್ಟವರಲ್ಲ, ಆದರೆ ಬೇಡ ಎನ್ನುವ ಮಾತು ಅವರ ನಾಲಿಗೆಯ ತುದಿಯಲ್ಲೇ ಕೂತಿರುತ್ತಿತ್ತು.

"ಬಸ್ಸಿಲ್ಲ ಏನಿಲ್ಲ. ಮನ್ಯಾಗ ಇರ್ಲಿ" ಎಂದರು.

"ನಾ ಒಯ್ದು ಬಿಡ್ತೇನಿ, ನಾನಾ ಕರಕೊಂಡು ಬರ್ತೇನಿ" ಎಂದರು ಅತ್ತೆ.

ಭಾವ ನಕ್ಕುಬಿಟ್ಟರು. ನಗುವುದಕ್ಕೆ ಕಾರಣವಿತ್ತು. ಮಣ್ಣೂರಿಗಿಂತ ಮುಂಚೆ ಒಂದು ಹಳ್ಳ, ಹಳ್ಳ ದಾಟಿದರೆ ಕಡಿದಾದ ಏರು. ಹಿಂದಿನ ಬೇಸಿಗೆಯಲ್ಲಿ ಗಾಡಿ ಅದೇ ಏರಿನ ನಡುವೆ ನಿಂತು, ಎತ್ತು ಕಟ್ಟಿ ಎಳೆಸಬೇಕಾಗಿತ್ತು. ಇಂಜಿನ್ನಿನ ಹೊಗೆ ಹೊರಬೀಳುವ ಬೀಡುಕಬ್ಬಿಣದ ಭಾಗ ಎರಡೂ ಕಡೆ ಸೀಳಿತ್ತು. ಬೆಸುಗೆ ಹಾಕಿದಷ್ಟೂ ಮತ್ತೆ ಬಿಡುತ್ತಿತ್ತು. ಹೊಗೆ ಒಳಗೇ ನುಗ್ಗಿ ಕೂತವರು ಕೆಮ್ಮುವುದು, ಏರು ಬಂದರೆ ಗಾಡಿಯೇ ಕೆಮ್ಮುವುದು.

"ಆಯ್ತವ್ವಾ" ಎಂದರು ಭಾವ. "ಆ ಏರು ಎಲ್ಲೂ ನಿಲ್ಲದಂಗ ಹತ್ತಿಸು, ನೌಕರಿ ಮಾಡ್ಲಿ. ನಿಂತ್ರ ಗಾಡಿ ಸೋಲಾಪುರದ ಗುಜರಿಗೆ, ಆಕಿ ಅಡಿಗಿ ಮನಿಗೆ."

ನನ್ನ ಗಂಡ ಮುಂಬೈಗೆ ಹೋಗಿ, ಸೀಳಿದ ಭಾಗದ ಬದಲಿಗೆ ಕೂಡಿಸುವ ಹೊಸ ಪೈಪುಗಳ ಜೋಡಿಯನ್ನು ಹೊತ್ತು ತಂದರು. ಹೆಡರ್ ಎನ್ನುತ್ತಿದ್ದರು ಅದಕ್ಕೆ. ಒಂದೊಂದು ಬದಿಗೆ ನಾಲ್ಕು ಬಾಗಿದ ಕೊಳವೆ, ಕೆಳಗೆ ಬಂದು ಒಂದಾಗುತ್ತವೆ. ಹೊಗೆ ಸರಾಗ ಹೊರಗೆ ಹೋದರೆ ಇಂಜಿನ್ನಿಗೆ ಉಸಿರು ಬರುತ್ತದೆ ಎಂದು ಗಾಡಿ ರಿಪೇರಿ ಮಾಡುವ ಮಿಸ್ತ್ರಿಯೂ ಒಪ್ಪಿದ. ಎಡಬದಿಯ ಜೋಡಣೆ ಸಲೀಸಾಗಿ ಕೂತಿತು. ಬಲಬದಿಯದು ಏನು ಮಾಡಿದರೂ ಕೂಡಲಿಲ್ಲ. ಅಮೆರಿಕದಲ್ಲಿ ಸ್ಟಿಯರಿಂಗು ಎಡಕ್ಕಿರುತ್ತದೆ, ಪೈಪು ಮಾಡಿದ್ದು ಆ ಗಾಡಿಗಳಿಗೆ. ನಮ್ಮದು ಬಲಕ್ಕೆ. ಸ್ಟಿಯರಿಂಗಿನ ಸಲಾಕೆ, ಕ್ಲಚ್ಚಿನ ಸಲಾಕೆ ಎರಡೂ ಪೈಪಿಗೆ ಅಡ್ಡ. ನನ್ನ ಗಂಡನ ಮುಖ ಸಪ್ಪಗಾಯಿತು. ನಾನು ಹಾಜರಾಗಲು ವಾರವಷ್ಟೇ ಉಳಿದಿತ್ತು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

"ಕಾಸಿ ಬಗ್ಗಿಸಬಹುದ್ರಿ ಅವ್ವಾರ" ಎಂದ ಮಿಸ್ತ್ರಿ. "ಆದ್ರ ಒಳಗ ಎಲ್ಲಿ ತಾಗ್ತದ ಅಂತ ಕಾಣವಲ್ದು. ನನ್ನ ಕೈ ಹೋಗವಲ್ದು."

ಅತ್ತೆ ಬಾನೆಟ್ಟಿನೊಳಗೆ ಬಗ್ಗಿ ತುಸು ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಕುಂಕುಮದ ಭರಣಿ ತಗೊಂಬಾ. ಕುಸುಬಿ ಎಣ್ಣೀನೂ ತಾ" ಎಂದರು.

ಎರಡನ್ನೂ ತಂದುಕೊಟ್ಟೆ. ಬಟ್ಟಲಿನಲ್ಲಿ ಎಣ್ಣೆಗೆ ಕುಂಕುಮ ಕಲಸಿ ಆ ಸಲಾಕೆಗಳಿಗೆ ಬಳಿಯುವುದು, ಪೈಪನ್ನು ಒತ್ತಿ ಹಿಡಿದು ತೆಗೆಯುವುದು. ಕೆಂಪು ಹತ್ತಿದ ಜಾಗವೇ ತಾಗುವ ಜಾಗ. ಇಷ್ಟು ಅವರ ಲೆಕ್ಕಾಚಾರ. ಗಂಡ ಹೋದ ದಿನದಿಂದ ಅವರು ಕುಂಕುಮ ಮುಟ್ಟಿರಲಿಲ್ಲ. ಅದಕ್ಕೇ ನಾನು ಬಟ್ಟಲಿಗೆ ಕೈ ಹಾಕಹೋದೆ.

"ನಿನ್ನ ಕೈಬಳಿ ಅಡ್ಡ ಬರ್ತಾವ. ನನ್ನ ಕೈ ಬರೇ ಅದಾವ, ಸಲೀಸ ಹೋಗ್ತಾವ" ಎಂದು ಬಟ್ಟಲು ಕಸಿದುಕೊಂಡರು.

ಪಡಸಾಲೆಯಿಂದ ಭಾವ ಓಡಿ ಬಂದರು. "ಅವ್ವಾ, ಏನ್ ಮಾಡಾಕತ್ತಿ? ಮಂದಿ ಏನಂದಾರು?"

ಅತ್ತೆ ಮೊಣಕೈ ತನಕ ಒಳಗಿದ್ದರು. ತಲೆ ಎತ್ತಲಿಲ್ಲ. "ಗಾಡಿಗೇನು ಗಂಡ ಸತ್ತಾನೇನ್ಲೇ?"

ಮಿಸ್ತ್ರಿ ಕೆಮ್ಮಿದಂತೆ ಮಾಡಿ ನಗು ನುಂಗಿದ.

ಪೈಪು ತೆಗೆದಾಗ ಒಂದು ಕೊಳವೆಯ ಹೊಟ್ಟೆಯ ಮೇಲೆ ಎರಡು ಕೆಂಪು ಗುರುತು ಚೊಕ್ಕವಾಗಿ ಬಿದ್ದಿದ್ದವು. ಮಿಸ್ತ್ರಿ ಕೊಳವೆಯೊಳಗೆ ಒಣ ಉಸುಕು ತುಂಬಿ, ಕಾಸಿ, ಮುದುಡದಂತೆ ಬಗ್ಗಿಸಿದ. ಮತ್ತೆ ಕುಂಕುಮ, ಮತ್ತೆ ಗುರುತು, ಮತ್ತೆ ಕುಲುಮೆ. ಅತ್ತೆಯ ಎರಡೂ ಕೈ ಕೆಂಪಾಗಿದ್ದವು. ಒರೆಸಿಕೊಳ್ಳಲು ಬಟ್ಟೆ ಕೊಟ್ಟರೆ ಬೇಡ ಎಂದರು. ಎಷ್ಟೋ ವರ್ಷಗಳ ನಂತರ ಆ ಕೈಗಳಿಗೆ ಕುಂಕುಮ ಹತ್ತಿದ್ದು ನೋಡಿ ನನಗೆ ಸಂತೋಷವಾಯಿತು. ಕೊನೆಗೆ ಪೈಪು ಹೊರಗೆ ಬಂದಾಗ ಅದರ ಮೇಲೆ ಒಂದು ಚುಕ್ಕೆ ಕೆಂಪೂ ಇರಲಿಲ್ಲ.

ಏರು ಹತ್ತುವ ದಿನ ಭಾವ ಹಿಂದಿನ ಸೀಟಿನಲ್ಲಿ ಎರಡು ತೊಗರಿ ಚೀಲ ಹಾಕಿಸಿ, ತಾವೂ ಅದರ ಪಕ್ಕ ಕೂತರು. "ಖರೇ ಭಾರ ಗೊತ್ತಾಗ್ಲಿ" ಎಂದರು. ಚೀಲಗಳಿಗಿಂತ ಅವರೇ ಭಾರ ಎಂದು ಅತ್ತೆ ಗೊಣಗಿದರು. ನಾನು ಮುಂದೆ, ಅವರ ಪಕ್ಕದಲ್ಲಿ.

ಹಳ್ಳಕ್ಕೆ ಇಳಿದಾಗ ನಾನು ಬಾಗಿಲಿನ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡೆ. ಅತ್ತೆ ಕ್ಲಚ್ ಪೂರಾ ಒತ್ತಿ ಗೇರು ಇಳಿಸಿದರು. ಏರಿನ ನಡುವೆ, ಹೋದ ಬೇಸಿಗೆಯಲ್ಲಿ ನಿಂತಿದ್ದ ಜಾಗದಲ್ಲೇ, ಹಿಂದಿನ ಗಾಲಿ ಸಡಿಲ ಕಲ್ಲಿನ ಮೇಲೆ ಜಾರಿತು. ಗಾಡಿ ಒಂದು ಕಡೆ ವಾಲಿತು. ನಾನು ಕಣ್ಣು ಮುಚ್ಚಿದೆ. ಅತ್ತೆ ಎಕ್ಸಲರೇಟರಿನಿಂದ ಕಾಲು ತೆಗೆಯಲಿಲ್ಲ, ಇನ್ನೂ ಒತ್ತಿದರು. ಆ ಇಂಜಿನ್ನಿನಿಂದ ಅಂಥ ಸದ್ದನ್ನು ನಾನು ಕೇಳಿರಲೇ ಇಲ್ಲ. ಹೊಲದಲ್ಲಿದ್ದವರು ಕೆಲಸ ಬಿಟ್ಟು ಎದ್ದು ನಿಂತರು. ಗಾಲಿಗೆ ಹಿಡಿತ ಸಿಕ್ಕಿತು, ಗಾಡಿ ಮುಂದಕ್ಕೆ ಚಿಮ್ಮಿತು.

"ಹೊಡಿ ಅವ್ವಾ! ಹೊಡೀ!"

ಹಿಂದೆ ಕೂಗುತ್ತಿದ್ದವರು ಭಾವ. ಸೀಟಿನ ಬೆನ್ನು ಗುದ್ದುತ್ತ, ಸಣ್ಣ ಹುಡುಗನಂತೆ ಕೂಗುತ್ತಿದ್ದರು. ಮೇಲೆ ಮುಟ್ಟಿದ ಮೇಲೂ ಅತ್ತೆ ನಿಲ್ಲಿಸಲಿಲ್ಲ. ನೇರ ಶಾಲೆಯ ಮುಂದೆ ಒಯ್ದು ನಿಲ್ಲಿಸಿದರು. ಹೆಡ್ ಮಾಸ್ತರರು ಗಾಬರಿಯಾಗಿ ಹೊರಗೆ ಬಂದರು.

"ಈಕಿ ನಮ್ಮ ಸೊಸಿ. ಸೋಮವಾರದಿಂದ ಬರ್ತಾಳ್ರಿ" ಎಂದರು ಅತ್ತೆ.

"ಬಸ್ಸಿಲ್ಲಲ್ರಿ ತಾಯಿ, ಹ್ಯಾಂಗ ಬರ್ತಾರ?"

ಅತ್ತೆ ಎಕ್ಸಲರೇಟರ್ ಒಮ್ಮೆ ತುಳಿದರು. ಶಾಲೆಯ ಮಕ್ಕಳೆಲ್ಲ ಕಿಟಕಿಗೆ ಬಂದರು.

ಮೊದಮೊದಲು ಅವರೇ ಬಿಟ್ಟು ಬರುತ್ತಿದ್ದರು. ಆಮೇಲೆ ನನಗೂ ಕಲಿಸಿದರು. "ಕ್ಲಚ್ ಅರ್ಧ ಒತ್ತಿದ್ರ ಗಾಡಿನೂ ನಿನ್ನ ಮಾತು ಅರ್ಧಾನೇ ಕೇಳ್ತದ" ಎಂದು ದಿನವೂ ಬೈಸಿಕೊಂಡು ಕಲಿತೆ. ನೌಕರಿಯಲ್ಲಿ ನಾನು ಮುಂದೆ ಬಂದದ್ದೆಲ್ಲ ಅವರ ದೆಸೆಯಿಂದ. ಈ ಋಣವನ್ನು ಅವರೆದುರು ಒಮ್ಮೆ ಹೇಳಹೋದೆ. "ಸಾಕ್ ಸಾಕು, ಹಾಲು ಉಕ್ಕಾಕತ್ತದ ನೋಡು" ಎಂದು ಒಳಗೆ ಕಳಿಸಿದರು.

ಅತ್ತೆ ತೀರಿಕೊಂಡದ್ದು ತೊಂಬತ್ತರ ದಶಕದಲ್ಲಿ, ಒಂದು ಮಧ್ಯಾಹ್ನ. ಸಂಜೆ ಶಾಲೆ ಮುಗಿಸಿ ಬಂದಾಗ ಅಂಗಳದ ತುಂಬ ಜನ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಒಬ್ಬರೂ ಹೇಳಿ ಕಳಿಸಲಿಲ್ಲವೇ ಎಂದು ಭಾವನ ಮೇಲೆ ಕೂಗಾಡಿದೆ.

ಭಾವನ ಕಣ್ಣು ಕೆಂಪಾಗಿದ್ದವು. "ಅವ್ವನೇ ಬ್ಯಾಡ ಅಂದ್ಳವಾ" ಎಂದರು. "'ಸಾಲಿ ಬಿಡೂತನಕ ಆಕಿಗಿ ಹೇಳಬ್ಯಾಡ್ರಿ. ಅಷ್ಟು ಒದ್ದಾಡಿ ಕಳಿಸೀನಿ, ಪಾಠದ ನಡುವ ಯಾಕ ಎಬ್ಬಿಸ್ತೀರಿ?' ಅಂದ್ಳು."

ಆ ದಿನ ನಾನು ಎಲ್ಲ ಪಾಠ ಮುಗಿಸಿಯೇ ಬಂದಿದ್ದೆ.