ಹತ್ತು ದಿನದ ಜರಡಿ

ಅಮೆರಿಕದ ಮ್ಯಾಡಿಸನ್ ವಿಶ್ವವಿದ್ಯಾಲಯದ ಹವಾಮಾನ ವಿಭಾಗದಲ್ಲಿ ಹಾಲ್ವರ್ ಟ್ವೆಟ್‌ನದು ಒಂದೇ ಪಟ್ಟು: ಹತ್ತು ದಿನ ನಿಲ್ಲದ್ದು ಹವೆಯೇ ಅಲ್ಲ. ಚಳಿಗಾಲದಲ್ಲಿ ವಾರಗಟ್ಟಲೆ ಒಂದೇ ಕಡೆ ಠಿಕಾಣಿ ಹೂಡುವ ಗಾಳಿಸುಳಿಗಳಿಗೆ ಶಕ್ತಿ ಎಲ್ಲಿಂದ ಬರುತ್ತದೆಂದು ಹುಡುಕುವುದು ಅವನ ಕಸುಬು. ಅದಕ್ಕಾಗಿ ಎರಡು ಮೂರು ದಿನ ಬಂದುಹೋಗುವ ಬಿರುಗಾಳಿಗಳನ್ನೆಲ್ಲ ಲೆಕ್ಕದಿಂದ ಸೋಸಿ ಎಸೆಯುತ್ತಾನೆ. ಆ ಜರಡಿಯನ್ನು ಮನೆಗೂ ಒಯ್ದಿದ್ದಾನೆ. ಕಾರು ಹಿಮದಲ್ಲಿ ಹೂತುಹೋದರೆ, "ಬಿಡಿ, ಎರಡು ದಿನದ್ದು" ಎಂದು ನಡೆದೇ ಬರುತ್ತಾನೆ. ಹಲ್ಲುನೋವಿಗೂ ಹತ್ತು ದಿನದ ಗಡುವು. ಜಗಳಕ್ಕೆ ಬಂದವರಿಗೆ, "ಹತ್ತು ದಿನ ಬಿಟ್ಟು ಬನ್ನಿ, ಆಗ್ಲೂ ಸಿಟ್ಟಿದ್ರೆ ಮಾತಾಡೋಣ" ಎನ್ನುತ್ತಾನೆ. ಎದುರು ಮೇಜಿನ ಲೊರೇನ್ ಹನ್ನೊಂದು ವರ್ಷದಿಂದ ಇದಕ್ಕೆಲ್ಲ ನಕ್ಕವಳೇ. ಈ ಜನವರಿಯಲ್ಲಿ ಅವನದೇ ಲೆಕ್ಕ ಅವನ ಕೆನ್ನೆಗೆ ಬಾರಿಸಿತು: ಬೀಡುಬಿಟ್ಟ ಸುಳಿಗೆ ಉಣಿಸುತ್ತಿದ್ದದ್ದು ಅವನು ಸೋಸಿ ಎಸೆದ ಆ ಪುಟ್ಟ ಬಿರುಗಾಳಿಗಳೇ. ಮಂಕು ಬಡಿದವನಂತೆ ಕೂತಿದ್ದವನನ್ನು, "ಮೂವತ್ತು ವರ್ಷ ಎಸೆದದ್ದನ್ನೆಲ್ಲ ಈಗ ಕಸದ ಬುಟ್ಟಿಯಿಂದ ಹೆಕ್ತೀರಾ?" ಎಂದು ಲೊರೇನ್ ಕೆಣಕಿದಳು. ಅವನು ಮೇಜಿನ ಖಾನೆ ಎಳೆದು ಒಂದು ಫೋಟೊವನ್ನು ಅವಳತ್ತ ಸರಿಸಿದ. ಉಣ್ಣೆಯ ಟೋಪಿಯೊಳಗೆ ಮುಷ್ಟಿಯಷ್ಟು ಮುಖ. ಫೋಟೊದ ಬೆನ್ನಿಗೆ ಮೂವತ್ತು ವರ್ಷ ಹಿಂದಿನ ಎರಡು ತಾರೀಕು, ನಡುವೆ ಆರೇ ದಿನ. ಅವನಿಗೊಂದು ಮಗುವಿತ್ತೆಂದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲೊರೇನ್ ಫೋಟೊವನ್ನು ಮತ್ತೆ ಮುಖ ಮೇಲಾಗಿ ತಿರುಗಿಸಿ ಅವನ ಮುಂದಿಟ್ಟಳು. "ಮನೇಲಿ ಕೂತ ಚಳಿ ಯಾಕೆ ಏಳ್ಲಿಲ್ಲ ಅಂತ ಮೂವತ್ತು ವರ್ಷ ಹುಡುಕಿದೆ," ಎಂದ ಹಾಲ್ವರ್. "ಆರೇ ದಿನದವಳು ಅಂತ ಇವಳನ್ನ ಲೆಕ್ಕಕ್ಕೇ ಹಿಡಿದಿರ್ಲಿಲ್ಲ."