ಪೊರ್ಬುಗಳ ಏಳು ದಿನದ ಐಸಿನ ಊಟ

ಐಸು ಕೋಣೆಯ ಬಾಗಿಲು ತೆರೆದು ಪೊರ್ಬುಗಳು ಹೊರಗೆ ಬಂದರೆ ಅವರ ಮೀಸೆಯ ಮೇಲೆ ಅಕ್ಕಿಹುಡಿ ಉದುರಿಸಿದ ಹಾಗೆ ಬಿಳಿ ಕೂತಿರುತ್ತಿತ್ತು. ತಲೆಗೆ ಮಂಕಿ ಟೋಪಿ, ಮೈಗೆ ಗಲ್ಫಿನಿಂದ ತಂದ ದಪ್ಪ ಸ್ವೆಟರು, ಸೊಂಟದ ಕೆಳಗೆ ಮಾತ್ರ ಮಡಚಿ ಕಟ್ಟಿದ ಲುಂಗಿ. ಹೊರಗೆ ಅನಂತಪುರದ ಕೆಂಪು ಮುರಕಲ್ಲು ಬಯಲಿನ ಏಪ್ರಿಲ್ ಬಿಸಿಲು. ಎರಡು ನಿಮಿಷದಲ್ಲಿ ಮೀಸೆಯ ಬಿಳಿ ಕರಗಿ ತುದಿಯಿಂದ ತೊಟ್ಟಿಕ್ಕಲು ಸುರುವಾಗುತ್ತಿತ್ತು. ಅವರು ಅದನ್ನು ಒರೆಸುತ್ತಿರಲಿಲ್ಲ. ಆ ಹನಿಗಳ ನಡುವಿನಿಂದಲೇ, "ಇವತ್ತು ಎಷ್ಟು ಡಬ್ಬಿ ಆಯ್ತು ಮಾರಾಯ್ತಿ?" ಎಂದು ಕೇಳುತ್ತಿದ್ದರು.

ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಯಜಮಾನರನ್ನು, ಒಬ್ಬರೇ ಆದರೂ, ಪೊರ್ಬುಗಳು ಎಂದೇ ಕರೆಯುವುದು. ನಾನು ಅವರ ಶೆಡ್ಡಿನಲ್ಲಿ ಅಡಿಗೆಯವಳು.

ಇದನ್ನು ಬರೆಯುವಾಗ ನನ್ನ ಮೊಮ್ಮಗಳು ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿದ್ದಾಳೆ. ಇಪ್ಪತ್ತೆರಡು ದಿನದ ಕೂಸು. ತೂಕ ಮೂರು ಕಿಲೋ ಚಿಲ್ಲರೆ, ತಲೆ ತುಂಬ ಕೂದಲು, ಅತ್ತರೆ ಸೀತಾಂಗೋಳಿ ಪೇಟೆಗೆ ಕೇಳಬೇಕು. ನನ್ನ ಸಂತೋಷವನ್ನು ಬರೆಯಲಿಕ್ಕೆ ನಾಲ್ಕನೇ ಕ್ಲಾಸಿನ ಅಕ್ಷರ ಸಾಲುವುದಿಲ್ಲ. ಈಗಷ್ಟೇ ಸೀನಿದಳು. ಅದನ್ನೂ ಬರೆಯಬೇಕು ಅನಿಸುತ್ತದೆ.

ಇವಳು ಹೊಟ್ಟೆಯಲ್ಲಿದ್ದಾಗ ನನ್ನ ಮಗಳಿಗೆ ಸಕ್ಕರೆ ಕಾಣಿಸಿತು. ಸಿಹಿ ಮುಟ್ಟಬಾರದು, ಅನ್ನ ಅಳೆದೇ ಬಡಿಸಬೇಕು ಎಂದರು ಡಾಕ್ಟ್ರಮ್ಮ. ಸುದ್ದಿ ಹೋದದ್ದೇ ತಡ, ನಮ್ಮ ನೆಂಟರ ಹೆಂಗಸರೆಲ್ಲ ಸೆರಗಿನಡಿಯಲ್ಲಿ ಹೋಳಿಗೆ ಕಟ್ಟಿಕೊಂಡು ಬರತೊಡಗಿದರು. ಬಸುರಿಗೆ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದಂತೆ. "ಸೋರಿದರೆ ಹತ್ತಿ ಇಡುತ್ತೇನೆ, ನೀವು ಹೋಳಿಗೆ ವಾಪಸು ತಗೊಂಡು ಹೋಗಿ" ಎಂದೆ. ನನ್ನ ನಾದಿನಿ ಹೊಸ್ತಿಲಲ್ಲೇ ನಿಂತು, "ನಿನಗೆ ಹೆತ್ತ ಕರುಳು ಉಂಟಾ? ಈ ಕಲ್ಲು ಮನಸ್ಸನ್ನು ಎಲ್ಲಿಂದ ಕಲಿತೆ?" ಎಂದು ಕೇಳಿದಳು. ಪೊರ್ಬುಗಳಿಂದ ಕಲಿತೆ. ಆ ದಿನ ಅವಳಿಗೆ ಹೇಳಲಿಲ್ಲ. ಹೇಳಿದ್ದರೂ ಅವಳ ತಲೆಗೆ ಹೋಗುತ್ತಿರಲಿಲ್ಲ. ಅವಳ ತಲೆಯಲ್ಲಿ ಪಾಯಸಕ್ಕೆ ಮಾತ್ರ ಜಾಗ.

ಪೊರ್ಬುಗಳು ಇಪ್ಪತ್ತು ವರ್ಷ ಗಲ್ಫಿನ ಒಂದು ಆಸ್ಪತ್ರೆಯ ಅಡಿಗೆಮನೆಯಲ್ಲಿದ್ದು ಊರಿಗೆ ಬಂದವರು. ಶೀಟು ಹಾಕಿದ ಶೆಡ್ಡು, ಒಂದು ಐಸು ಕೋಣೆ, ಕರೆಂಟು ಹೋದರೆ ಜನರೇಟರು, ನಾವು ಆರು ಮಂದಿ ಹೆಂಗಸರು. ಜನರೇಟರು ನಿಂತರೆ ಅವರು ಹಟಮಾರಿ ಎತ್ತಿಗೆ ಬಡಿದ ಹಾಗೆ ಅದರ ಪಕ್ಕೆಗೆ ಬಡಿದು ಕೊಂಕಣಿಯಲ್ಲಿ ಬೈಯುತ್ತಿದ್ದರು. ನಮಗೆ ಒಂದು ದಿನವೂ ಬೈದವರಲ್ಲ. ಮೊದಲು ಇಡ್ಲಿ, ಪತ್ರೊಡೆ ಎಲ್ಲ ಐಸು ಮಾಡಿ ಗಲ್ಫಿಗೆ ಕಳಿಸಿ ನೋಡಿದರು. ಯಾವುದೂ ಖರ್ಚಾಗಲಿಲ್ಲ. ಕೊನೆಗೆ ಉಳಿದದ್ದು ಒಂದೇ ಆರ್ಡರು, ಸಕ್ಕರೆ ಕಾಯಿಲೆಯವರ ಡಯೆಟ್ ಊಟ.

ಆ ಊಟವನ್ನು ನೀವು ನೋಡಬೇಕಿತ್ತು. ಬೆಳ್ಳಿ ಕಾಗದದ ಚಪ್ಪಟೆ ಡಬ್ಬಿ. ಅದರಲ್ಲಿ ಮೂರು ಹೊಂಡ. ಒಂದರಲ್ಲಿ ಬೆಕ್ಕಿಗೆ ಹಾಕುವಷ್ಟು ಕುಚ್ಚಲಕ್ಕಿ ಅನ್ನ, ಒಂದರಲ್ಲಿ ಕಾಯಿ, ಬೆಲ್ಲ, ಒಗ್ಗರಣೆ ಎಂತದೂ ಇಲ್ಲದ ಬೀನ್ಸು, ಇನ್ನೊಂದರಲ್ಲಿ ನೀರು ತೊವ್ವೆ. ಬೆಳಗ್ಗಿನ ಡಬ್ಬಿಯಲ್ಲಿ ಗೋಧಿಕಡಿಯ ಉಪ್ಪಿಟ್ಟು, ಎಣ್ಣೆಯ ಪಸೆ ಇಲ್ಲದ್ದು. ಇದನ್ನು ಕಲ್ಲಾಗುವವರೆಗೆ ಐಸಿನಲ್ಲಿಟ್ಟು, ತಿನ್ನುವಾಗ ಡಬ್ಬಿಯನ್ನೇ ಕುದಿಯುವ ನೀರಿನಲ್ಲಿಡಬೇಕು. ಆಗ ಬೀನ್ಸು ನೀರು ಬಿಟ್ಟು ನೆಲ ಒರೆಸಿದ ಬಟ್ಟೆಯ ಹಾಗೆ ಮಲಗುತ್ತಿತ್ತು. ಅನ್ನದ ಒಂದು ಬದಿ ನಾಲಿಗೆ ಸುಡುವ ಬಿಸಿ, ಇನ್ನೊಂದು ಬದಿ ಹಲ್ಲು ಜುಮ್ಮೆನ್ನುವ ತಣ್ಪು. ಹೆಣದ ಬಾಯಿಗೆ ಹಾಕುವ ಅಕ್ಕಿಯೂ ಇದಕ್ಕಿಂತ ರುಚಿ ಇದ್ದೀತು ಎಂದು ನಾವು ಆಡಿಕೊಳ್ಳುತ್ತಿದ್ದೆವು. ಗಲ್ಫಿಗೆ ಮಾಲು ಕಳಿಸುವ ಏಜೆಂಟ ಕೊಚ್ಚಿಯಿಂದ ಟೈ ಕಟ್ಟಿಕೊಂಡು ಬಂದು ಒಂದು ಚಮಚ ಬಾಯಿಗಿಟ್ಟು "ವೆರಿ ನೈಸ್" ಎಂದ. ಮೇಲೆ ಎರಡು ಗ್ಲಾಸು ನೀರು ಕುಡಿದ. ಎರಡನೇ ಚಮಚ ಮುಟ್ಟಲಿಲ್ಲ. ಅಂಥವರ ನಾಲಿಗೆ ಹಾಗೆ, ತಿನ್ನಲಿಕ್ಕೆ ಬೇರೆ, ಹೊಗಳಲಿಕ್ಕೆ ಬೇರೆ.

ಅವನು ಹೋದ ಮೇಲೆ ನಾನು ತಡೆಯಲಾರದೆ ಹೇಳಿದೆ: "ಪೊರ್ಬುಗಳೇ, ಬೇರೆಯವರಿಗೆ ಕಳಿಸುವ ಮೊದಲು ನೀವು ಇದನ್ನು ಒಂದು ಹೊತ್ತು ತಿನ್ನಿ ನೋಡುವ."

ಉಳಿದವರೆಲ್ಲ ಬಾಯಿಗೆ ಸೆರಗು ಒತ್ತಿ ನಕ್ಕರು. ಯಾಕೆಂದರೆ ಪೊರ್ಬುಗಳ ಊಟ ಊರಿಗೇ ಗೊತ್ತು. ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಮನೆಗೆ ಬಂದರೆ ಹಂದಿ ಮಾಂಸದ ಜೊತೆ ಇಡ್ಲಿಯಂಥ ಹನ್ನೆರಡು ಸನ್ನ ತಿನ್ನುವ ಮನುಷ್ಯ. ಅದೂ ಹತ್ತು ವರ್ಷದಿಂದ ಮೈಯಲ್ಲಿ ಸಕ್ಕರೆ ಇಟ್ಟುಕೊಂಡು.

ಅವರು ನಗಲಿಲ್ಲ. "ಒಂದು ಹೊತ್ತು ಎಂತಕ್ಕೆ? ಒಂದು ವಾರ ತಿನ್ನುತ್ತೇನೆ. ಇದು ಬಿಟ್ಟು ಬೇರೆ ಎಂತದೂ ಇಲ್ಲ. ನನ್ನ ಸಕ್ಕರೆ ಇಳಿದರೆ ಡಬ್ಬಿ ಗಲ್ಫಿಗೆ ಹೋಗುತ್ತದೆ. ಇಳಿಯದಿದ್ದರೆ ಶೆಡ್ಡಿಗೆ ಬೀಗ" ಎಂದರು.

"ರುಚಿ?" ಎಂದೆ.

"ನಾಲಿಗೆಗೆ ಎಂತ ಗೊತ್ತು? ಅದಕ್ಕೆ ಎಲುಬಿಲ್ಲ."

ಬೀಗ ಬಿದ್ದರೆ ನಾವು ಆರು ಮಂದಿ ಮತ್ತೆ ಬೀಡಿ ಕಟ್ಟಲು ಕೂರಬೇಕು. ಅವರಿಗೂ ಇದೇ ಕೊನೆಯ ಆಟ. ಹತ್ತಿರದಲ್ಲೇ ಒಬ್ಬಳೇ ಮಗಳ ಮದುವೆಯೂ ಇತ್ತು. ಅವರು ಲೆಕ್ಕ ಹಾಕಿಯೇ ಸೋಮವಾರ ಸುರು ಮಾಡಿದ್ದು. ಆದಿತ್ಯವಾರಕ್ಕೆ ಏಳು ದಿನ ಮುಗಿಯುತ್ತದೆ, ಆಮೇಲಿನ ಬುಧವಾರ ಮದುವೆಯ ಊಟ ಹೊಟ್ಟೆ ತುಂಬ ಮಾಡಬಹುದು.

ಒಂದು ವಾರದ ಇಪ್ಪತ್ತೊಂದು ಡಬ್ಬಿಯನ್ನು ಮೊದಲೇ ಮಾಡಿ ಐಸಿಗೆ ಇಡುವ ಕೆಲಸ ನನ್ನದು. ಮಾಡುವಾಗ ನನ್ನ ಕೈ ಸುಮ್ಮನಿರಲಿಲ್ಲ. ಬೆಲ್ಲ ಹಾಕದ ತೊವ್ವೆ ನನ್ನ ಜನ್ಮದಲ್ಲಿ ಯಾರಿಗೂ ಬಡಿಸಿದವಳಲ್ಲ ನಾನು. ಮಗಳ ಮದುವೆ ಎದುರಿಟ್ಟುಕೊಂಡ ಮನುಷ್ಯ ಈ ಕಸ ತಿನ್ನುವುದೇ? ತೊವ್ವೆಗೆ ಬೆಲ್ಲ ಹಾಕಿದೆ. ಬೀನ್ಸಿಗೆ ಬೆಲ್ಲ, ಕಾಯಿ ಎರಡೂ, ಉಪ್ಪಿಟ್ಟಿಗೂ ಅಷ್ಟೇ. ಅನ್ನ ಒಂದೊಂದು ಹಿಡಿ ಹೆಚ್ಚು ಒತ್ತಿದೆ. ಮೇಲೆ ಕೆಂಪು ಪೆನ್ಸಿಲಿನಲ್ಲಿ ಅವರ ಗುರುತು ಹಾಕಿ ಒಳಗೆ ಇಟ್ಟೆ. ದೊಡ್ಡ ಪುಣ್ಯದ ಕೆಲಸ ಮಾಡಿದೆ ಅಂತ ಆ ದಿನ ನಾನು ಹಾಡು ಹೇಳಿಕೊಂಡು ಮನೆಗೆ ಹೋದವಳು.

ಮಂಗಳವಾರದಿಂದಲೇ ಅವರ ಬಡಾಯಿ ಸುರುವಾಯಿತು. "ನಗಾಡಿದ್ರಲ್ಲ ನೀವೆಲ್ಲ? ಎಷ್ಟು ರುಚಿ ಉಂಟು ಗೊತ್ತುಂಟಾ! ನಮ್ಮ ಬಾಯಮ್ಮ ಕೂಡ ಹೀಗೆ ಮಾಡಲಿಕ್ಕಿಲ್ಲ!" ಬಾಯಮ್ಮ ಅಂದರೆ ಅವರ ಹೆಂಡತಿ. ನಾನು ತಲೆ ತಗ್ಗಿಸಿ ಬೀನ್ಸು ಹೆಚ್ಚುತ್ತಿದ್ದೆ.

ದಿನಾ ಬೆಳಿಗ್ಗೆ ಅವರು ಆಫೀಸು ಕೋಣೆಯಲ್ಲಿ ಗಾಜಿನ ನಳಿಗೆಗೆ ನೀಲಿ ಮದ್ದು ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದರು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ. ಇಟ್ಟಿಗೆಯ ಬಣ್ಣಕ್ಕೆ ಬಂದರೆ ತುಂಬಾ. ಸೋಮವಾರ ಹಸಿರು ಇತ್ತು. ಗುರುವಾರ ಅರಸಿನವಾಯಿತು. ಶುಕ್ರವಾರ ಬೆಳಿಗ್ಗೆ ಅವರು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನಿಂತರು. ಹೊಸ ಹಂಚಿನ ಹಾಗೆ ಕೆಂಪು.

ನಮ್ಮನ್ನೆಲ್ಲ ಕರೆದರು. "ನಾನು ಸೋತೆ" ಎಂದರು. "ಈ ಡಬ್ಬಿಯಿಂದ ಸಕ್ಕರೆ ಇಳಿಯುವುದಿಲ್ಲ, ಏರುತ್ತದೆ. ಇದನ್ನು ಕಾಯಿಲೆಯವರಿಗೆ ಮಾರಿದರೆ ನಾನು ಕಳ್ಳ. ಏಜೆಂಟನಿಗೆ ಇವತ್ತೇ ಫೋನ್ ಮಾಡುತ್ತೇನೆ. ನೀವು ಬೇರೆ ಕೆಲಸ ನೋಡಿಕೊಳ್ಳಿ."

ಸುಮ್ಮನಿದ್ದರೆ ಆರು ಮನೆಯ ಅನ್ನ ಹೋಗುತ್ತದೆ, ಹೇಳಿದರೆ ನನ್ನದು ಮಾತ್ರ.

"ಫೋನ್ ಮಾಡಬೇಡಿ ಪೊರ್ಬುಗಳೇ. ನಿಮ್ಮ ಡಬ್ಬಿಗೆ ನಾನು ಬೆಲ್ಲ ಹಾಕಿದ್ದೇನೆ."

"ಯಾವುದಕ್ಕೆ?"

"ಎಲ್ಲದಕ್ಕೂ. ಅನ್ನವೂ ಹೆಚ್ಚು ಉಂಟು. ಕಾಯಿಯೂ ಉಂಟು."

ಅವರು ನಳಿಗೆಯನ್ನು ಕೆಳಗಿಟ್ಟರು. "ಹಾಗಾದ್ರೆ ನಾನು ಈ ನಾಲ್ಕು ದಿನ ರುಚಿ ಉಂಟು, ರುಚಿ ಉಂಟು ಅಂತ ಊರಿಡೀ ಹೇಳಿದ್ದು ನಿನ್ನ ಬೆಲ್ಲವನ್ನಾ?"

ಯಾರಿಗೂ ನಗುವ ಧೈರ್ಯ ಬರಲಿಲ್ಲ.

"ಎಂತಕ್ಕೆ ಹಾಕಿದ್ದು?"

"ನೋಡಲಿಕ್ಕಾಗಲಿಲ್ಲ. ಪಾಪ ಅನಿಸಿತು."

ಆಗ ಅವರು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪುಂಟು. "ನನ್ನ ಅಮ್ಮನಿಗೂ ನಾವು ಪಾಪ ಅಂತಲೇ ಕೊಟ್ಟದ್ದು. ನಾನು ರಜೆಯಲ್ಲಿ ಬಂದಾಗೆಲ್ಲ ಕದ್ದು ಹಲ್ವ ತಿನ್ನಿಸುತ್ತಿದ್ದೆ. ಮೊದಲು ಬೆರಳು ಕತ್ತರಿಸಿದರು, ಆಮೇಲೆ ಪಾದ. ಅಲ್ಲಿ ಗಲ್ಫಿನ ರೂಮಿನಲ್ಲಿ ಒಬ್ಬನೇ ಕೂತು ಈ ಡಬ್ಬಿ ಬಿಡಿಸುವವನು ನಮ್ಮನ್ನು ನಂಬಿ ತಿನ್ನುತ್ತಾನೆ. ಅವನಿಗೆ ನಿನ್ನ ಪಾಪ ಬೇಡ ಮಾರಾಯ್ತಿ. ಅಳತೆ ಬೇಕು."

ನಾನು ಚೀಲ ತೆಗೆದುಕೊಂಡು ಹೊರಟೆ. "ಎಲ್ಲಿಗೆ?" ಎಂದು ತಡೆದರು. "ನಾಳೆಯಿಂದ ಪುನಃ ಒಂದನೇ ದಿನ. ಡಬ್ಬಿ ಇವತ್ತೇ ಆಗಬೇಕು. ನೀನೇ ಮಾಡು."

"ನಾನಾ?"

"ಮತ್ತೆ ಯಾರು? ಇನ್ನು ಮೇಲೆ ಈ ಶೆಡ್ಡಿನಲ್ಲಿ ಖಂಡಿತ ಬೆಲ್ಲ ಹಾಕದವಳು ನೀನು ಒಬ್ಬಳೇ."

ಆಮೇಲೆ ನನಗೆ ಹೊಳೆಯಿತು. ಶನಿವಾರದಿಂದ ಏಳು ದಿನ ಅಂದರೆ ಬುಧವಾರದ ಮದುವೆ ಅದರ ನಟ್ಟನಡುವೆ ಬರುತ್ತದೆ. ಓಡಿ ಹೋಗಿ ಹೇಳಿದೆ. ಮದುವೆ ಕಳೆದ ಮೇಲೆ ಸುರು ಮಾಡಿ ಎಂದು ಬೇಡಿಕೊಂಡೆ. "ಏಜೆಂಟ ಬರುವುದು ಮುಂದಿನ ಶನಿವಾರ. ವಾರ ಅಂದರೆ ಏಳು ದಿನ. ಅದರಲ್ಲಿ ಮದುವೆ ಬರಬಾರದು ಅಂತ ಎಲ್ಲಿ ಬರೆದದ್ದು?" ಎಂದರು. ಮೊದಲಿನ ವಾರದ ಉಳಿದ ಒಂಬತ್ತು ಡಬ್ಬಿಯನ್ನು ನನ್ನ ಜೊತೆಯವರು ಹಂಚಿಕೊಂಡು ತಿಂದರು. ಶೆಡ್ಡಿನಲ್ಲಿ ಊಟ ಅನ್ನಿಸಿಕೊಂಡದ್ದು ಅದೊಂದೇ ಎಂದು ಬೆರಳು ನೆಕ್ಕಿದರು. ನಾನು ಅದನ್ನು ಮುಟ್ಟದೆ ಹೊಸ ಡಬ್ಬಿಗಳಿಗೆ ಬೀನ್ಸು ಹೆಚ್ಚಿದೆ.

ಮದುವೆಯ ಹಾಲ್‌ನಲ್ಲಿ ಅಡಿಗೆ ಒಲೆಯ ಬದಿಯಲ್ಲಿ ಒಂದು ಸಣ್ಣ ಪಾತ್ರೆಯಲ್ಲಿ ನಾನು ಅವರ ಡಬ್ಬಿ ಬಿಸಿ ಮಾಡಿದೆ. ಕೋಟು ಹಾಕಿಕೊಂಡು, ಕೋಟಿನ ಕಿಸೆಯಲ್ಲಿ ಹೂ ಸಿಕ್ಕಿಸಿಕೊಂಡು, ಎದುರಿನ ಮೇಜಿನಲ್ಲಿ ಕೂತು ಪೊರ್ಬುಗಳು ಬೆಳ್ಳಿ ಕಾಗದ ಬಿಡಿಸಿದರು. ಗಂಡಿನ ಕಡೆಯವರ ಹಲ್ಲು ಕಾಣಿಸಿತು. ನನಗೆ ಅರ್ಥವಾಗುವಷ್ಟು ಕೊಂಕಣಿ ಬರುತ್ತದೆ. "ಎಂತ ಬೀಗರೇ, ನಮ್ಮ ಊಟಕ್ಕೆ ವಿಷ ಗಿಷ ಹಾಕಿಸಿದ್ದೀರಾ? ನೀವು ಬುತ್ತಿ ತಂದದ್ದು ಎಂತಕ್ಕೆ?" ಎಂದು ಒಬ್ಬ ಹಿರಿಯ ಕೂಗಿದ. ಕೂಗುವಾಗ ಅವನ ಎರಡು ಕೆನ್ನೆಯಲ್ಲೂ ಮಾಂಸದ ತುಂಡಿತ್ತು. ಬಿಟ್ಟಿ ಊಟ ಸಿಕ್ಕಿದವನ ಬಾಯಿಯೇ ಮೊದಲು ತೆರೆಯುವುದು. ಪೊರ್ಬುಗಳು, "ಡ್ಯೂಟಿಯಲ್ಲಿದ್ದೇನೆ" ಎಂದಷ್ಟೇ ಹೇಳಿದರು.

ಅದು ದೊಡ್ಡದಲ್ಲ. ಅದಕ್ಕೆ ಮೊದಲು ಕೇಕು ಕತ್ತರಿಸಿದ್ದರು. ಮದುಮಗಳು ಎಲ್ಲರಿಗಿಂತ ಮೊದಲಿನ ತುಂಡನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದಳು. ಫೋಟೋದವನು ಕಾಯುತ್ತಿದ್ದ. ಪೊರ್ಬುಗಳು ಬಾಯಿ ತೆರೆಯಲಿಲ್ಲ. ಆ ಕೈಯನ್ನು ಹಿಡಿದು, ಬೆರಳಿಗೆ ಮುತ್ತು ಕೊಟ್ಟು, ತುಂಡನ್ನು ಹಾಗೆಯೇ ತಟ್ಟೆಗೆ ಇಳಿಸಿದರು. "ಶನಿವಾರ ತಿನ್ನುತ್ತೇನೆ ಮಗಾ." ಅವಳ ಮುಖ ಬಿಳಿಚಿತು. ನಾನು ಎರಡು ಹೆಜ್ಜೆ ಮುಂದೆ ಬಂದೆ. ಬೆಲ್ಲದ ವಿಷಯ ಎಲ್ಲರ ಎದುರು ಹೇಳಿಬಿಡಬೇಕು ಅನಿಸಿತು. ಅವರು ನನ್ನ ಕಡೆ ನೋಡಿ ತಲೆಯನ್ನು ಸ್ವಲ್ಪ, ಬಹಳ ಸ್ವಲ್ಪ ಅಲ್ಲಾಡಿಸಿದರು. ಬೇಡ. ನಾನು ಹಿಂದೆ ಸರಿದೆ. ಹೇಡಿಯ ಹಾಗೆ ಸರಿದೆ.

ಶನಿವಾರ ಬೆಳಿಗ್ಗೆ ನಳಿಗೆಯಲ್ಲಿ ನೀಲಿ ನಿಂತಿತು. ಏಜೆಂಟನ ಎದುರಿನಲ್ಲೇ ಕಾಯಿಸಿ ತೋರಿಸಿದರು. ಅವನು ಮೂಗು ಮುಚ್ಚಿಕೊಂಡು "ವೆರಿ ನೈಸ್" ಎಂದ. ಡಬ್ಬಿಗಳು ಗಲ್ಫಿಗೆ ಹೋದವು. ಶೆಡ್ಡು ಉಳಿಯಿತು. ಅಂಥ ಊಟವನ್ನು ತರಿಸಿ ತಿನ್ನುವವರೂ ಲೋಕದಲ್ಲಿ ಇದ್ದಾರೆ ಎಂದು ನಾನು ಅಂದುಕೊಂಡಿರಲಿಲ್ಲ.

ಹೋದ ಮಳೆಗಾಲದಲ್ಲಿ ಪೊರ್ಬುಗಳು ಎದೆನೋವಿನಿಂದ ತೀರಿಕೊಂಡರು. ಬೆಳಿಗ್ಗೆ ಜನರೇಟರಿಗೆ ಬೈದದ್ದನ್ನು ನಾವು ಕೇಳಿದ್ದೆವು, ಸಂಜೆಗೆ ಇರಲಿಲ್ಲ. ಮಗಳು ಮುಂಬಯಿಯಿಂದ ಬಂದಳು. ಅಪ್ಪನನ್ನು ಚಾವಡಿಯಲ್ಲಿ ಮಲಗಿಸಿದ್ದರು. ಅವಳು ಅಡಿಗೆಮನೆಗೆ ನೀರು ಕುಡಿಯಲು ಬಂದವಳು ನನ್ನನ್ನು ಕಂಡು ನಿಂತಳು.

"ನನ್ನ ಮದುವೆಗೆ ಅಪ್ಪ ಊಟ ಮಾಡಲಿಲ್ಲ ಅಕ್ಕ. ನನ್ನ ಕೈಯಿಂದ ಒಂದು ತುಂಡು ಕೇಕು ತಿನ್ನಲಿಲ್ಲ. ಆ ಡಬ್ಬಿ ಅವರಿಗೆ ನನಗಿಂತ ದೊಡ್ಡದು" ಎಂದಳು. "ಆಮೇಲೆ ನಾನು ಅವರ ಹತ್ತಿರ ಸರಿಯಾಗಿ ಮಾತಾಡಲೇ ಇಲ್ಲ. ಫೋನಿನಲ್ಲಿಯೂ ಅಮ್ಮನಿಗೆ ಕೊಡಿ ಎನ್ನುತ್ತಿದ್ದೆ."

ಮೂರು ವರ್ಷ. ಆ ಮನುಷ್ಯ ಮೂರು ವರ್ಷ ಫೋನನ್ನು ಹೆಂಡತಿಯ ಕೈಗೆ ಕೊಟ್ಟಿದ್ದಾರೆಯೇ ಹೊರತು ನನ್ನ ಹೆಸರು ಹೇಳಲಿಲ್ಲ.

ಆಗ ಹೇಳಿದೆ. ಬೆಲ್ಲ ಹಾಕಿದ್ದು, ಬಣ್ಣ ಕೆಂಪಾದದ್ದು, ವಾರ ಪುನಃ ಸುರುವಾದದ್ದು, ಮದುವೆಯ ದಿನ ತಲೆ ಅಲ್ಲಾಡಿಸಿದ್ದು, ಎಲ್ಲ. "ಅವರ ತಪ್ಪಲ್ಲ ಮಗಾ. ನನ್ನದು."

ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ. ಅವಳು ನನ್ನನ್ನೇ ನೋಡುತ್ತಾ, "ನೀವು ಮಾತ್ರ ನನ್ನ ಮದುವೆಯ ಊಟ ಮಾಡಿದಿರಿ ಅಲ್ವಾ?" ಎಂದು ಕೇಳಿದಳು.

"ಇಲ್ಲ" ಎಂದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವರಿಗೂ. "ಎರಡನೇ ಸಲ ನಾನು ನಲವತ್ತೆರಡು ಡಬ್ಬಿ ಮಾಡಿದ್ದು. ಅವರಿಗೆ ಇಪ್ಪತ್ತೊಂದು, ನನಗೆ ಇಪ್ಪತ್ತೊಂದು. ಆ ಏಳು ದಿನ ನಾನೂ ಅದನ್ನೇ ತಿಂದದ್ದು. ನಿನ್ನ ಮದುವೆಯ ದಿನವೂ, ಒಲೆಯ ಹಿಂದೆ ಕೂತು."

"ಹೇಗಿತ್ತು?"

"ಹೆಣ ಇಟ್ಟ ಮನೆಯಲ್ಲಿ ಹೇಳಬಾರದು. ಥೂ!"

ಅವಳಿಗೆ ನಗು ಬಂತು. ತಡೆಯಲು ಹೋದರೆ ಇನ್ನೂ ಹೆಚ್ಚಾಯಿತು. ಚಾವಡಿಯಲ್ಲಿ ಜಪಸರ ಹಿಡಿದು ಕೂತವರೆಲ್ಲ ತಿರುಗಿ ನೋಡಿದರು. ಅವಳು ನಗುತ್ತಲೇ ಹೋಗಿ ಅಪ್ಪನ ತಲೆಯ ಹತ್ತಿರ ಕೂತಳು. ಕಿವಿಗೆ ಬಾಯಿ ಇಟ್ಟು ಏನೋ ಹೇಳತೊಡಗಿದಳು, ತುಂಬಾ ಹೊತ್ತು ಹೇಳಿದಳು.